ಮಾವನವರು ಕರಿದ ಖಾರ

ಮೊಮ್ಮಗಳು ತಂದ ಸವಣೂರು ಖಾರದ ಪೊಟ್ಟಣ ಬಿಚ್ಚಿದೆ. ಕಡಲೆಹಿಟ್ಟಿನ ಗರಿಗರಿ ಎಳೆಗಳಿಂದ ಕರಿದ ಬೆಳ್ಳುಳ್ಳಿಯ ಘಮ ಮೂಗಿಗೆ ಬಡಿಯಿತು. ಖಾರ ನನ್ನ ಬಾಯಿಗೆ, ಸುತ್ತಿದ್ದ ಪತ್ರಿಕೆ ಅವಳ ಕಣ್ಣಿಗೆ. "ಅಜ್ಜಿ, ಹೆಣ್ಮಕ್ಕಳೂ ದುಡಿಯಾಕ ಹೊಂಟ್ರ ದೇಶ ಮುಂದ ಬರ್ತೈತಂತ," ಎಂದು ಓದಿ ಹೇಳಿದಳು. ನನಗೆ ನಗು ಬಂದು ಖಾರ ನೆತ್ತಿಗೇರಿತು. ಈ ಸುದ್ದಿ ನಮ್ಮತ್ತೆಯ ಕಿವಿಗೆ ಬಿದ್ದಿದ್ದರೆ ಬರೆದವನ ಗತಿ ಏನಾಗುತ್ತಿತ್ತೋ!

ಐವತ್ತರ ದಶಕದ ಕೊನೆಯಲ್ಲಿ ನಾನು ಮಾಸೂರಿನಿಂದ ಸವಣೂರಿಗೆ ಸೊಸೆಯಾಗಿ ಬಂದೆ. ಮಾವನವರದು ಖಾರದ ಅಂಗಡಿ. ಮುಂದೆ ಗಲ್ಲಾಪೆಟ್ಟಿಗೆ, ಮಾವ, ಮಾವನ ಮೀಸೆ. ನಡುವೆ ಪರದೆ. ಹಿಂದೆ ಒಲೆ, ಬಾಣಲೆ, ಅತ್ತೆ. ಹಿಟ್ಟು ನಾದಿ, ಒತ್ತಿ, ಕರಿದು, ತುಂಬಿದ ಬುಟ್ಟಿಯನ್ನು ಪರದೆಯ ಕೆಳಗಿಂದ ನೂಕುವುದು ಅತ್ತೆ. ಒಂದೆಳೆ ಬಾಯಿಗೆ ಹಾಕಿಕೊಂಡು "ಹೂಂ" ಎನ್ನುವುದು ಮಾವ. ಮೀಸೆಗೆ ಮಾತ್ರ ದಿನಾ ಬಾಣಲೆಯ ಎಣ್ಣೆಯೇ ಸಲ್ಲುತ್ತಿತ್ತು. ಬಾಣಲೆಗೂ ಅವರಿಗೂ ಇದ್ದ ನಂಟು ಅಷ್ಟೇ. ಊರೆಲ್ಲ "ಸಾವಕಾರ್ರ ಕೈಗುಣ" ಎಂದು ಹೊಗಳುತ್ತಿತ್ತು.

ಒಂದು ದಿನ ದೇಶದ ಪ್ರಗತಿಯ ಬಗ್ಗೆ ಭಾಷಣ ಮಾಡಲು ಬಂದ ಸಾಹೇಬರೊಬ್ಬರು ಖಾರ ಮೆಲ್ಲುತ್ತ, "ಮನೆಯಲ್ಲಿ ಎಷ್ಟು ಜನ ದುಡಿಯುತ್ತೀರಿ?" ಎಂದರು.

"ನಾನೊಬ್ಬನರೀ."

"ಹೆಣ್ಣುಮಕ್ಕಳು?"

"ಅವ್ರೇನ್ ಮಾಡ್ತಾರ್ರಿ? ಒಲಿ ಮುಂದ ಸುಮ್ನ ಕುಂತಿರ್ತಾರ."

ಪರದೆಯ ಹಿಂದೆ ಅತ್ತೆಯ ಕೈ ತಟ್ಟನೆ ನಿಂತಿತು. ಮರುದಿನ ಅವರು ಮಿಂದು, ತಲೆ ಬಾಚಿ, ಒಲೆಯ ಮುಂದೆ ಸುಮ್ಮನೆ ಕೂತರು. ಒಲೆಯಲ್ಲಿ ಬೆಂಕಿಯಿಲ್ಲ.

"ಯಾಕ, ಆರಾಮಿಲ್ಲೇನು?" ಮಾವ ಗಾಬರಿಯಾದರು.

"ನನಗೇನಾಗೇತ್ರಿ? ನೀವು ಹೇಳಿದ್ದ ಮಾಡಾಕತ್ತೇನಿ. ಖಾರ ಯಾರು ಮಾಡ್ತಾರಂತ ಮಂದಿ ಮುಂದ ಹೇಳ್ರಿ, ಒಲಿ ಹಚ್ತೇನಿ."

ಮೀಸೆ ಒಪ್ಪಬೇಕಲ್ಲ! ಮಾವ ತಾವೇ ಬಾಣಲೆ ಇಟ್ಟರು. ಇದ್ದಿಲಿನಂಥದ್ದೇನೋ ಹೊರಬಂತು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಹೆದರಿಕೆಯೂ ಆಯಿತು, ನೋಡಿ. ಆ ಅಂಗಡಿ ಮುಳುಗಿದರೆ ಮನೆಮಂದಿಯೆಲ್ಲ ಬೀದಿಗೆ.

ಹಿರೇಬೆಂಡಿಗೇರಿಯ ಕಾಯಂ ಗಿರಾಕಿ ಬಾಯಿಗೆ ಹಾಕಿಕೊಂಡವನೇ ಉಗುಳಿದ. "ಏನ್ರಿ ಸಾವಕಾರ್ರ, ಕೈ ಕೆಟ್ಟಿತೇನು?"

ಮಾವ ಬಹಳ ಹೊತ್ತು ಮೀಸೆ ಸವರಿದರು. "ಇದು ನಾ ಮಾಡಿದ್ದಪಾ. ಇಷ್ಟು ವರ್ಷ ನೀ ತಿಂದದ್ದು ಆಕಿ ಮಾಡಿದ್ದು."

ಒಳಗೆ ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಮರುದಿನ ಆ ಪರದೆ ಬಾಣಲೆ ಇಳಿಸುವ ಮಸಿಬಟ್ಟೆಯಾಗಿತ್ತು.

ಅತ್ತೆ-ಮಾವನ ನಂತರ ಗಲ್ಲಾಪೆಟ್ಟಿಗೆಗೆ ನಮ್ಮ ಯಜಮಾನರು ಬಂದರು, ಅದೇ ಒಲೆಯ ಮುಂದೆ ನಾನು ಕೂತೆ. ಕಣ್ಣು ಮಬ್ಬಾಗುವ ತನಕ ಕರಿದೆ. ಆದರೂ ಯಾರಾದರೂ ಕೇಳಿದರೆ, "ನಾನೇನ್ರಿ, ಮನ್ಯಾಗ ಇರ್ತೇನಿ," ಎನ್ನುವುದೇ ರೂಢಿ.

"ಅಜ್ಜಿ, ನೀ ಏನ್ ಕೆಲಸಾ ಮಾಡ್ತಿದ್ದಿ?" ಮೊಮ್ಮಗಳು ಪತ್ರಿಕೆ ಮಡಚುತ್ತ ಕೇಳಿದಳು.

ಹಳೆಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಖಾರದ ಜೊತೆ ನುಂಗಿಬಿಟ್ಟೆ.

"ಅಂಗಡಿ ನಡಸ್ತಿದ್ದೆ."

"ಮತ್ತ ಅಜ್ಜ?"

"ಅವ್ರೇನ್ ಮಾಡ್ತಿದ್ರವ್ವಾ? ಗಲ್ಲಾದ ಮುಂದ ಸುಮ್ನ ಕುಂತಿರ್ತಿದ್ರು."