ಇಲಿಮನೆಯ ಅಲ್ಲಾವುದ್ದೀನ ಮತ್ತು ತಲೆನೋವಿನ ಗುಳಿಗೆ

ಬೆಳಗಿನ ಆರು ಗಂಟೆ. ಮುಂಬಯಿಯ ಸಯನ್‌ನ ಪ್ರಯೋಗಶಾಲೆಯೊಂದರ ಹಿಂಬದಿಯ ಕೋಣೆಯಲ್ಲಿ ಅಲ್ಲಾವುದ್ದೀನ ಅಂಗೈ ಮೇಲೊಂದು ಇಲಿಮರಿಯನ್ನು ಮಲಗಿಸಿಕೊಂಡಿದ್ದಾರೆ. ಆಗಷ್ಟೇ ಹುಟ್ಟಿದ್ದು, ಕಡಲೆಕಾಯಿಯಷ್ಟಿದೆ. ಬಾಲ ಎತ್ತಿ ನೋಡಿ "ಗಂಡು" ಎನ್ನುತ್ತಾರೆ. ಗುದದ್ವಾರದಿಂದ ಮೂತ್ರದ್ವಾರದವರೆಗಿನ ಅಂತರ ಗಂಡಿಗೆ ಹೆಚ್ಚು, ಹೆಣ್ಣಿಗೆ ಕಡಿಮೆ. ಆ ಕೂದಲೆಳೆಯ ವ್ಯತ್ಯಾಸಕ್ಕೆ ಅವರಿಗೆ ಅಳತೆಪಟ್ಟಿ ಬೇಕಿಲ್ಲ.

ವಿಜಾಪುರ ಬಿಟ್ಟು ಹದಿಮೂರು ವರ್ಷವಾಯಿತು. ದಿನವೂ ಮಲಾಡ್‌ನ ಚಾಳಿನಿಂದ ಬಂದು ತೊಂಬತ್ತು ಪಂಜರ ತಿಕ್ಕಿ, ನಾನ್ನೂರು ಇಲಿಗಳಿಗೆ ಕಾಳು, ನೀರು ಕೊಡುತ್ತಾರೆ. ಲೋಕಲ್ ರೈಲಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆ. ವಿಜ್ಞಾನಿಗಳ ಲೇಖನಗಳಲ್ಲಿ ಮಾತ್ರ ಅವರ ಹೆಸರಿಗೆ ಒಂದು ಸಾಲಿನ ಜಾಗವಿಲ್ಲ.

ಇಂಥವರ ಕಣ್ಣೂ ಮೋಸಹೋಗಿದೆ ಎಂಬುದು ನಾಲ್ಕು ತಿಂಗಳ ಹಿಂದೆ ಗೊತ್ತಾಯಿತು. ಹೆಣ್ಣೆಂದು ಬೇರ್ಪಡಿಸಿದ ಐದು ಮರಿಗಳು ಬೆಳೆದ ಮೇಲೆ ಗಂಡೆಂದು ತಿಳಿಯಿತು. "ಇಷ್ಟ ವರ್ಷದಾಗ ಒಮ್ಮಿನೂ ತಪ್ಪಿದ್ದಿಲ್ರೀ. ಬಿಲ್ಕುಲ್ ಗಾಬರಿ ಆದೆ." ಸಂಶೋಧಕ ಸದಾನಂದರು ಬೈಯಲಿಲ್ಲ, ಅಳೆದು ನೋಡಿದರು. ಆ ಗಂಡುಮರಿಗಳ ಅಂತರವೇ ಕಡಿಮೆಯಿತ್ತು; ಗರ್ಭದಲ್ಲೇ ಗಂಡು ಹಾರ್ಮೋನು ಕುಗ್ಗಿದ್ದರ ಗುರುತು ಅದು. ತಾಯಿ ಇಲಿಗಳಿಗೆ ಗಬ್ಬವಿದ್ದಾಗ ಒಂದು ಔಷಧಿ ಕೊಟ್ಟಿದ್ದರು.

"ಯಾವ ಔಷಧರೀ ಸಾಹೇಬ್ರ ಅದು?"

ಸದಾನಂದರು ಮೇಜಿನತ್ತ ಕೈ ತೋರಿಸಿದರು. ಅಲ್ಲಿದ್ದದ್ದು ಎಲ್ಲ ಅಂಗಡಿಯಲ್ಲೂ ಸಿಗುವ ತಲೆನೋವಿನ ಗುಳಿಗೆ! ಮನೆಯಲ್ಲಿ ಅಲ್ಲಾವುದ್ದೀನರ ಹೆಂಡತಿ ಗುಲಶನ ಆಗ ಮೂರು ತಿಂಗಳ ಬಸುರಿ. ದಿನವಿಡೀ ಹೊಲಿಗೆ ಯಂತ್ರ ತುಳಿದು ತಲೆ ಸಿಡಿದಾಗಲೆಲ್ಲ ಚಹಾದ ಜೊತೆ ಅದನ್ನೇ ನುಂಗುತ್ತಿದ್ದಳು.

"ನನ್ನ ಕೈಲೇ ತಂದು ಕೊಟ್ಟೇನಲ್ರೀ" ಎಂದು ಇಂದಿಗೂ ಹಳಹಳಿಸುತ್ತಾರೆ. ಆ ದಿನ ಅರ್ಧಕ್ಕೇ ಕೆಲಸ ಬಿಟ್ಟು ಮನೆಗೆ ಓಡಿದರು. ಉಳಿದ ಗುಳಿಗೆಗಳನ್ನು ಮೋರಿಗೆ ಸುರಿದರು. "ಹಾಯ್ ಅಲ್ಲಾ, ನಾ ಏನ್ ಇಲಿ ಏನ್ರೀ?" ಎಂದು ನಕ್ಕ ಗುಲಶನ, ಗಂಡನ ಮುಖ ನೋಡಿ ಖಾಲಿ ಪೊಟ್ಟಣವನ್ನೂ ಆಚೆ ಎಸೆದಳು.

ಈಗ ಅವಳಿಗೆ ಏಳು ತಿಂಗಳು. ಮಗು ಹೇಗಿದೆಯೋ ಯಾರೂ ಹೇಳಲಾರರು. "ಒಂದೇ ಪ್ರಯೋಗದಿಂದ ಏನೂ ಹೇಳೋದಕ್ಕಾಗಲ್ಲ. ಇಲಿ ಬೇರೆ, ಮನುಷ್ಯ ಬೇರೆ" ಎನ್ನುತ್ತಾರೆ ಸದಾನಂದರು. ಅಲ್ಲಾವುದ್ದೀನರಿಗೆ ಅಷ್ಟು ತಾಳ್ಮೆಯಿಲ್ಲ. ಡಾಕ್ಟರನ್ನು ಕೇಳದೆ ಆ ಗುಳಿಗೆ ನುಂಗಬೇಡಿ ಎಂದು ಚಾಳಿನ ಬಸುರಿಯರಿಗೆಲ್ಲ ಹೇಳಿ ಬರುತ್ತಾರೆ. ಹೆಂಗಸರು "ಇಲಿಮಾಮಾ ಬಂದ" ಎಂದು ಮುಸಿಮುಸಿ ನಗುತ್ತಾರೆ.

"ಪೇಪರಿನ್ಯಾಗ ನನ್ನ ಫೋಟೋ ಬ್ಯಾಡ್ರಿ. ಬಸುರಿ ಇದ್ದಾಕಿ ಡಾಕ್ಟರ್‌ನ ಕೇಳಿ ತಗೋಬೇಕು ಅಂತ ಗುಳಿಗಿ ಡಬ್ಬಿ ಮ್ಯಾಲ ಬರಸ್ರಿ, ಸಾಕು" ಎಂದು ವರದಿಗೆ ಬಂದ ನನಗೆ ಹೇಳುತ್ತಾರೆ.

ಮರಿಯನ್ನು ತಾಯಿಯ ಪಕ್ಕಕ್ಕೆ ಮೆಲ್ಲಗೆ ಸರಿಸಿ ಪಂಜರ ಮುಚ್ಚುತ್ತಾರೆ.

"ಇಲಿ ಬ್ಯಾರೆ, ಮನಷಾ ಬ್ಯಾರೆ. ಖರೇ ಐತಿ. ಆದ್ರ ಗುಳಿಗಿ ಒಂದೇ ಅಲ್ರೀ?"