“ಅವ್ವ ಹೋದ್ಲ್ರಿ” ಅಂದ ತಪ್ಪಿಗೆ

ಓದುಗರಿಗೆ ನಮಸ್ಕಾರ. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಬಳ್ಳಾರಿಯಲ್ಲಿ ಗಣಿ ಲಾರಿಗಳು ಕೆಂಧೂಳೆಬ್ಬಿಸುತ್ತಿದ್ದ ಕಾಲ. ಅವ್ವನಿಗೆ ಟಿಬಿ. ಗುಳಿಗೆ ಒಂದು ದಿನವೂ ತಪ್ಪಬಾರದು ಎಂದು ಡಾಕ್ಟರು ಎಚ್ಚರಿಸಿದ್ದರು. ನಾವು ಹೋಗುವ ಸರ್ಕಾರಿ ದವಾಖಾನೆಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ವಾರಕ್ಕೊಮ್ಮೆ ಅಲ್ಲಿಂದ ಗುಳಿಗೆ ತರಬೇಕಿತ್ತು; ಒಂದು ವಾರ ನಾನೊಬ್ಬನೇ ಹೋದೆ.

“ಪೇಶಂಟ್ ಎಲ್ಲಿ?” ಎಂದ ಗುಮಾಸ್ತ.

“ಅವ್ವ ಹೋದ್ಲ್ರಿ” ಎಂದೆ. ಸಿರುಗುಪ್ಪದ ಅಕ್ಕನ ಮನೆಗೆ ಎನ್ನುವಷ್ಟರಲ್ಲಿ ಅವನು ಕಂಪ್ಯೂಟರಿನಲ್ಲಿ ಏನನ್ನೋ ಒತ್ತಿಬಿಟ್ಟಿದ್ದ.

ಮುಂದಿನ ವಾರ ಅವ್ವನೇ ಬಂದಳು.

“ಈ ನಂಬರಿಗೆ ಗುಳಿಗಿ ಬರಂಗಿಲ್ಲ. ತೀರಿಕೊಂಡಾರ ಅಂತ ಐತಿ.”

“ಎದುರಿಗೇ ನಿಂತೀನಲ್ಲೋ ತಮ್ಮಾ, ಕೆಮ್ಮಿ ತೋರಸ್ಲೇನು?” ಎಂದಳು ಅವ್ವ. ಸಾಲಿನಲ್ಲಿದ್ದವರು ನಕ್ಕರು.

“ನನ್ನ ಕೈಯಾಗ ಇಲ್ಲಬೇ, ಬೆಂಗಳೂರಾಗ ತಿದ್ದಬೇಕು.”

ಗುಳಿಗೆಯಿಲ್ಲದ ಇಪ್ಪತ್ತನೇ ದಿನ ಅವ್ವನ ಕೆಮ್ಮಿನಲ್ಲಿ ರಕ್ತ ಬಂತು. ಬೆಂಗಳೂರಿನಿಂದ ಏನೂ ಬಂದಿರಲಿಲ್ಲ.

ನಿಮ್ಮ ಮನೆಯಲ್ಲೂ ಬದುಕಿದ್ದವರನ್ನು ಹೀಗೆ ಅಳಿಸಿದ್ದರೆ ದಯವಿಟ್ಟು ಬರೆದು ತಿಳಿಸಿ.