ಬೀರಿ ಎತ್ತಿಟ್ಟ ಬ್ಲಾಕು

ಹಿಲ್ಲೂರಿನ ಬೀರಿ ಮೋಟಾರುಸೈಕಲ್ ಹತ್ತಿದವಳಲ್ಲ. ಬಸ್ಸಿನಲ್ಲಿ ಅಂಕೋಲೆ ಪೇಟೆಗೆ ಬಂದು, ಬಸಳೆ, ಹರಿವೆ ಮಾರಿ, ಮಧ್ಯಾಹ್ನದ ಬಸ್ಸಿಗೆ ಮರಳುವ ಎಪ್ಪತ್ತರ ಹೆಂಗಸು. ಆದರೂ ನಮ್ಮ ಯೆಜ್ಡಿ ಬೈಕು ಇಂದು ಓಡುತ್ತಿದ್ದರೆ ಅದು ಅವಳಿಂದ. ಇದನ್ನು ಕಂಡಕಂಡವರಿಗೆಲ್ಲ ಹೇಳುತ್ತೇನೆ. ಹೆಂಡತಿ ಸುಗಂಧಾಗೆ ಕೇಳಿ ಕೇಳಿ ಸಾಕಾಗಿದೆ.

ಯೆಜ್ಡಿ ನನ್ನದಲ್ಲ, ಅಣ್ಣ ರಾಮನಾಥನದು. ಇಪ್ಪತ್ತೈದು ವರ್ಷದ ಹಿಂದೆ ಅವನನ್ನು ಕೇಳದೆ ಒಯ್ದು, ಪೆಟ್ರೋಲಿಗೆ ಆಯಿಲ್ ಬೆರೆಸದೆ ಸುಂಕಸಾಳದ ಕಡೆ ಓಡಿಸಿದೆ. ದಾರಿಯಲ್ಲೇ ಎಂಜಿನ್ ಜಾಮಾಗಿ ಬ್ಲಾಕು ಸೀಳಿತು. ಪಿಸ್ಟನ್ ಓಡಾಡುವ ಕಬ್ಬಿಣದ ಗೂಡಿಗೆ ಮೆಕ್ಯಾನಿಕರು ಬ್ಲಾಕು ಎನ್ನುತ್ತಾರೆ. ಯೆಜ್ಡಿ ಕಂಪನಿ ಆಗಲೇ ಮುಚ್ಚಿತ್ತು, ಬಿಡಿಭಾಗ ಸಿಗುವುದು ಕಷ್ಟ. ಅಣ್ಣ ಬೈಯಲಿಲ್ಲ. ಗಾಡಿಗೆ ಗೋಣಿಚೀಲ ಹೊದಿಸಿದ, ಮತ್ತೆ ಆ ಮಾತೇ ಎತ್ತಲಿಲ್ಲ. ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು. ಕಳೆದ ವರ್ಷ ಡಾಕ್ಟರು ಅವನ ದೃಷ್ಟಿ ಉಳಿಯುವುದಿಲ್ಲ ಎಂದರು. ಪೂರ್ತಿ ಹೋಗುವ ಮೊದಲು ಗಾಡಿಯನ್ನು ಅವನೆದುರು ನಿಲ್ಲಿಸಲೇಬೇಕೆಂದು ಬ್ಲಾಕು ಹುಡುಕಲು ಹೊರಟೆ.

ಪೇಟೆಯಲ್ಲಿ ಬಸಳೆ ಕೊಳ್ಳುವಾಗ ಮಾತಿಗೆ ಮಾತು ಬಂದು, ಬೀರಿಯ ಕೊಟ್ಟಿಗೆಯಲ್ಲೂ ಒಂದು ಹಾಳು ಯೆಜ್ಡಿ ಇದೆಯೆಂದು ತಿಳಿಯಿತು. ಅವಳ ಗಂಡ ಹುಲಿಯಾ ಬದುಕಿದ್ದಾಗ, ಅವನ ಗುತ್ತಿಗೆದಾರ ಬಿಟ್ಟುಹೋದದ್ದು. ಹೋಗಿ ನೋಡಿದರೆ ಬರೀ ತುಕ್ಕು. ಹೊಸ ಬ್ಲಾಕೇ ಎಲ್ಲಾದರೂ ಸಿಕ್ಕೀತೆಂಬ ಜಂಬ ನನಗೆ. "ಈ ಬ್ಲಾಕೊಂದು ನೆಟ್ಟಗೆ ಉಳ್ಕಂಡದೆ" ಎಂದು ಬೆರಳು ತೋರಿಸಿ, ಅವಳು ಕೊಟ್ಟ ಚಾ ಕುಡಿದು, "ಹಂಗಾರೆ ಬರ್ತೆ, ಬೀರಕ್ಕ" ಎಂದು ಎದ್ದೆ. ನಮ್ಮಲ್ಲಿ ಹೊರಡುವಾಗ ಯಾರೂ ‘ಹೋಗ್ತೆ’ ಅನ್ನುವುದಿಲ್ಲವಲ್ಲ. ಮರಳಿ ಬರುವ ಯೋಚನೆ ನನಗಿರಲಿಲ್ಲ.

ಹುಬ್ಬಳ್ಳಿ, ಬೆಳಗಾವಿ, ಮಡಗಾಂವ ಸುತ್ತಿದೆ. ಕೆಲವರು ಇಲ್ಲವೆಂದರು, ಕೆಲವರು ನಕ್ಕರು. ಪಾರ್ಸೆಲ್ಲಿನಲ್ಲಿ ತರಿಸಿದ ಬ್ಲಾಕನ್ನು ಶಿರವಾಡದ ಮೆಕ್ಯಾನಿಕ್ ರೋಷನ ತಿರುಗಿಸಿ ನೋಡಿ, "ಇದು ಯೆಜ್ಡಿದೇ ಅಲ್ಲ, ಕಾಕಾ. ನೀವು ಹೇಳಿದ ಆ ಹಿಲ್ಲೂರಿಂದೇ ತನ್ನಿ, ಒಳಬದಿ ಕೊರ್ಸಿ ಬೋರ್ ಹೊಡ್ಸಿ ಕೂರಿಸ್ವಾ" ಎಂದ. ಐದು ತಿಂಗಳ ಮೇಲೆ ಮುಖ ಸಣ್ಣದು ಮಾಡಿಕೊಂಡು ಹೋದರೆ ಕೊಟ್ಟಿಗೆ ಖಾಲಿ. ಯೆಜ್ಡಿಯನ್ನು ಗುಜರಿಯವನು ಒಯ್ದಿದ್ದ. ಅಂಗಳದಲ್ಲೇ ಕೂತೆ.

ಬೀರಿ ಒಳಗೆ ಹೋಗಿ, ತೆಂಗಿನೆಣ್ಣೆ ಅದ್ದಿದ ಹಳೇ ಸೀರೆತುಂಡಿನ ಗಂಟೊಂದನ್ನು ಎತ್ತಿಕೊಂಡು ಬಂದಳು. ಬಿಚ್ಚಿದರೆ ಬ್ಲಾಕು!

"ಇದೊಂದು ಬಿಚ್ಚಿಟ್ಟೇ ಒಯ್ಯಿ ಅಂದೆ ಅವಂಗೆ."

"ನಾ ತಕಳ್ತೆ ಅಂತ ಹೇಳ್ಲೇ ಇಲ್ಲಾಗಿತ್ತಲ್ಲ, ಬೀರಕ್ಕ?"

"ಬರ್ತೆ ಅಂದ್ಕಂಡು ಹೋದ್ಯಲ್ಲ, ತಮಾ. ಗುಜರಿಗೆ ಹಾಕಿದ್ರೆ, ನೀ ಬಂದಾಗ ಎಂತ ಹೇಳೂದು?"

ನಾನು ಬಾಯಿಮಾತಿಗೆ ಅಂದದ್ದನ್ನು ಅವಳು ಮಾತೆಂದೇ ಇಟ್ಟುಕೊಂಡಿದ್ದಳು. ನಾಚಿಕೆಯಾಯಿತು. ಇಂಥವರಿದ್ದಾರಲ್ಲ ಎಂದು ಎದೆಯೂ ತುಂಬಿ ಬಂತು. ಅವಳ ಕಾಲು ಮುಟ್ಟಿದೆ.

ತಿಂಗಳ ನಂತರ ಒಂದು ಬೆಳಿಗ್ಗೆ ಗಾಡಿ ಅಂಗಳದಲ್ಲಿ ಶುರುವಾಯಿತು. ಸದ್ದಿಗೆ ಅಣ್ಣ ಹೊರಬಂದ. ಟ್ಯಾಂಕು ಸವರಿ, ಮುಖ ಹತ್ತಿರ ತಂದು ನೋಡಿದ. "ತಪ್ಪಾಯ್ತು, ಅಣ್ಣಾ" ಎಂದೆ. ಬ್ಲಾಕು ಸಿಕ್ಕಿದ ಕತೆಯನ್ನೂ ಹೇಳಿದೆ. ಅವನು ನನ್ನ ಭುಜ ಹಿಡಿದು ಹಿಂದಿನ ಸೀಟಿಗೆ ಹತ್ತಿದ.

"ಎಲ್ಲಿಗೆ?" ಎಂದೆ.

"ಹಿಲ್ಲೂರಿಗೆ ಹೊಡಿ. ಕಣ್ಣಿದ್ದಾಗ್ಲೇ ಆ ಬೀರಕ್ಕನ ಮುಖ ಒಂದ್ಸಲ ನೋಡ್ಬೇಕು."